ಸೇತುವೆ ಬಂತು, ಪಹಣಿ ಬರಲಿಲ್ಲ: ಶರಾವತಿ ಹಿನ್ನೀರಿನ ಆಚೆ ದಡದ ಒಂದು ಮನೆ

ಸಾಗರ ತಾಲ್ಲೂಕಿನ ಕರೂರು ಹೋಬಳಿಗೆ ನೆಲದ ದಾರಿ ಇರಲೇ ಇಲ್ಲ ಅಂತೇನಲ್ಲ. ಹಿಂದೆ ಘಟ್ಟದ ಅಂಚು, ಅದರ ಕೆಳಗೆ ಕೊಲ್ಲೂರು, ಭಟ್ಕಳ. ಮುಂದೆ ಮಾತ್ರ ಶರಾವತಿ ಹಿನ್ನೀರು. ತೊಂದರೆ ಏನೆಂದರೆ, ಇಲ್ಲಿಯವರಿಗೆ ಬೇಕಾದದ್ದೆಲ್ಲ ಆ ನೀರಿನ ಆಚೆಗೇ ಇತ್ತು. ತಾಲ್ಲೂಕು ಕಚೇರಿ ಸಾಗರದಲ್ಲಿ. ಎಸಿ (ಉಪವಿಭಾಗಾಧಿಕಾರಿ) ಆಫೀಸು ಸಾಗರದಲ್ಲಿ. ಅಡಿಕೆ ಮಂಡಿ, ದೊಡ್ಡಾಸ್ಪತ್ರೆ, ಕೋರ್ಟು ಎಲ್ಲವೂ ಅಲ್ಲೇ. ತುಮರಿ, ಬ್ಯಾಕೋಡು, ಕಳಸವಳ್ಳಿ, ಸಿಗಂದೂರು ಕಡೆಯವರು ಅರವತ್ತು ವರ್ಷ ಲಾಂಚು ಕಾದು ಬದುಕಿದರು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ಖರ್ಚು 470 ಕೋಟಿ ರೂಪಾಯಿ ದಾಟಿತು. ಕೇಬಲ್ಲುಗಳ ಮೇಲೆ ನಿಂತ ಸೇತುವೆ, ನೋಡಲು ಚೆಂದವೇ ಇದೆ. ಟಿವಿಯವರೆಲ್ಲ ಬಂದರು, ಅರವತ್ತು ವರ್ಷದ ಕನಸು ನನಸಾಯ್ತು ಅಂದರು. ಸುಳ್ಳಲ್ಲ. ಆದರೆ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಇಲ್ಲಿಯ ಜನ ಕಳೆದುಕೊಂಡದ್ದು ಬರೀ ದಾರಿಯನ್ನಲ್ಲ, ಜಾಗದ ಹಕ್ಕನ್ನೂ ಕಳೆದುಕೊಂಡರು. ದಾರಿ ಈಗ ವಾಪಸ್ ಬಂತು. ಹಕ್ಕು ಇನ್ನೂ ಕಡತದಲ್ಲಿದೆ. ಈ ಕ್ರಮದಲ್ಲಿ ಬಂದದ್ದರಿಂದ ಏನಾಗುತ್ತಿದೆ ಅನ್ನುವುದೇ ಈ ಪ್ರಕರಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಮನೆ ಯಾವುದೋ ಒಂದು ನಿಜವಾದ ಮನೆಯಲ್ಲ. ಈ ದಡದ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಪರಿಸ್ಥಿತಿಯನ್ನು ಒಂದೇ ಸೂರಿನ ಕೆಳಗೆ ಇಟ್ಟಿದ್ದೇನೆ. ಹಾಗಾಗಿ ಹೆಸರಿಲ್ಲ, ಸರ್ವೆ ನಂಬರಿಲ್ಲ. ಕಾನೂನು, ಇಸವಿ, ಊರು ಎಲ್ಲ ನಿಜದ್ದೇ.

ಎರಡು ಅಣೆಕಟ್ಟು

ಜೋಗದಲ್ಲಿ ಕರೆಂಟು ತೆಗೆಯಲು ಮೊದಲು ಕಟ್ಟಿದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಅದರ ನೀರಿನಿಂದ ಜೋಗದ ವಿದ್ಯುದಾಗಾರ ಶುರುವಾಯಿತು. ಅದು ಸಾಲದಾಯಿತು. ಅದಕ್ಕಿಂತ ಕೆಳಗೆ ಲಿಂಗನಮಕ್ಕಿ ಕಟ್ಟಿದರು, 1964ರಲ್ಲಿ ಮುಗಿಯಿತು. ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರದಿಂದ 1819 ಅಡಿ, ಹಿಡಿಯುವುದು 151 ಟಿಎಂಸಿಗಿಂತ ಜಾಸ್ತಿ. ಎಷ್ಟು ದೊಡ್ಡದೆಂದರೆ ಹಳೆಯ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಮಡೆನೂರು ಅಣೆಕಟ್ಟು ತಲೆ ಎತ್ತುತ್ತದೆ, ಸುತ್ತಮುತ್ತಲಿಂದ ಜನ ನೋಡಲು ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಈ ನೀರಿನ ಬಲದಿಂದ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್ ತೆಗೆಯುತ್ತದೆ. ರಾಜ್ಯದ ಫ್ಯಾಕ್ಟರಿಗಳೂ ಬೆಂಗಳೂರಿನ ಬೀದಿದೀಪಗಳೂ ವರ್ಷಗಟ್ಟಲೆ ಇದರಲ್ಲೇ ನಡೆದವು. ನೀರು ಕೊಟ್ಟ ಊರುಗಳಿಗೆ ಕರೆಂಟು ಬಂದದ್ದು ಮಾತ್ರ ಎಷ್ಟೋ ತಡವಾಗಿ. ಇದನ್ನು ಎಲ್ಲರೂ ಹೇಳುತ್ತಾರೆ, ನಾನು ಬೆಳೆಸುವುದಿಲ್ಲ.

ಮುಳುಗಡೆಯವರನ್ನು ಶಿವಮೊಗ್ಗ, ಭದ್ರಾವತಿ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಗೆಲ್ಲ ಕಳಿಸಿದರು. ಲಾರಿಯಲ್ಲಿ ತುಂಬಿಕೊಂಡು ಹೋಗಿ ಕಾಡಿನ ಮಧ್ಯ ಇಳಿಸಿ ಬಂದರು ಅಂತ ಹಿರಿಯರು ಇವತ್ತಿಗೂ ಹೇಳುತ್ತಾರೆ. ಇನ್ನು ಕೆಲವರು ಎಲ್ಲಿಗೂ ಹೋಗಲಿಲ್ಲ. ನೀರು ಏರಿದ ಹಾಗೆ ಅವರೂ ಗುಡ್ಡ ಏರಿದರು. ನಮ್ಮ ಪ್ರಕರಣದ ಮನೆ ಈ ಎರಡನೆಯ ಗುಂಪಿನದ್ದು.

ಮನೆ, ಮೂರು ತುಂಡು ಜಾಗ

ಮನೆಯ ಲೆಕ್ಕಕ್ಕೆ ಈಗ ನಾಲ್ಕು ಜನ. ಅಜ್ಜಿ, ಯಜಮಾನ, ಅವನ ಹೆಂಡತಿ, ಹಾಸ್ಟೆಲಿನಲ್ಲಿದ್ದು ಓದುವ ಮಗಳು. ಮಗ ಬೆಂಗಳೂರಿನಲ್ಲಿ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೆ ಪಹಣಿಯಲ್ಲಿ, ಅಂದರೆ ಜಮೀನು ಯಾರದ್ದು ಅಂತ ಹೇಳುವ ಸರಕಾರಿ ದಾಖಲೆಯಲ್ಲಿ, ಇನ್ನೂ ಬದುಕಿದ್ದಾನೆ.

ಜಾಗ ಮೂರು ತುಂಡು. ಮೊದಲನೆಯದು ಸುಮಾರು ಒಂದು ಎಕರೆ ಅಡಿಕೆ ತೋಟ. ಇದು ನೀರು ಮುಟ್ಟದೆ ಉಳಿದ ಹಳೆಯ ಹಿಡುವಳಿ. ಪಹಣಿ ಇದೆ, ಖಾತೆ ಅಜ್ಜನ ಹೆಸರಲ್ಲಿದೆ. ಅಜ್ಜನಿಗೆ ಮೂವರು ಗಂಡು, ಇಬ್ಬರು ಹೆಣ್ಣು ಮಕ್ಕಳು. ಪೌತಿ ಖಾತೆ ಮಾಡಿಸಬೇಕೆಂದರೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಬೇಕೆಂದರೆ, ವಂಶವೃಕ್ಷ ಬೇಕು, ಮರಣದ ದಾಖಲೆ ಬೇಕು, ಎಲ್ಲರ ಒಪ್ಪಿಗೆ ಬೇಕು. ಒಬ್ಬ ಅತ್ತೆ ಭದ್ರಾವತಿ ಕಡೆ, ಒಬ್ಬ ಚಿಕ್ಕಪ್ಪ ಸೊರಬದ ಮುಳುಗಡೆ ಕಾಲೋನಿಯಲ್ಲಿ. ಅವರನ್ನೆಲ್ಲ ಒಂದು ದಿನ ಸಾಗರದಲ್ಲಿ ಸೇರಿಸುವುದೇ ಒಂದು ಮದುವೆ ಮಾಡಿದಷ್ಟು ಕೆಲಸ. ಹಾಗಾಗಿ ‘ಮುಂದಿನ ವರ್ಷ ನೋಡೋಣ’ ಅಂತ ಮುಂದೆ ಹೋಗುತ್ತಲೇ ಇದೆ.

ಎರಡನೆಯದು ಅದಕ್ಕಿಂತ ಮೇಲೆ, ಗುಡ್ಡದ ಮೈಯಲ್ಲಿ ಎರಡು ಎಕರೆ ಚಿಲ್ಲರೆ. ನೀರು ಬಂದು ಗದ್ದೆ ಹೋದಾಗ ಅಜ್ಜ ಇಲ್ಲಿ ಕಾಡು ಸವರಿ ಮೊದಲು ಭತ್ತ ಬೆಳೆದ, ಆಮೇಲೆ ಅಡಿಕೆ ಹಾಕಿದ. ಇವತ್ತು ಮನೆಯ ಹೊಟ್ಟೆ ತುಂಬುವುದು ಈ ತುಂಡಿನಿಂದಲೇ. ಕಾಗದದಲ್ಲಿ ಇದು ಅರಣ್ಯ. ಜನ ಇದನ್ನು ‘ಸಾಗುವಳಿ ಜಾಗ’ ಅನ್ನುತ್ತಾರೆ, ಇಲಾಖೆಯವರು ‘ಒತ್ತುವರಿ’ ಅನ್ನುತ್ತಾರೆ.

ಮೂರನೆಯದು ಮನೆ, ಅಂಗಳ, ಕೊಟ್ಟಿಗೆ. ಇದೂ ಅದೇ ಅರಣ್ಯದ ಸರ್ವೆ ನಂಬರಿನಲ್ಲಿದೆ. ಪಂಚಾಯ್ತಿಗೆ ಮನೆ ಕಂದಾಯ ಕಟ್ಟುತ್ತಾರೆ, ರಸೀದಿ ಇದೆ, ಕರೆಂಟು ಮೀಟರಿದೆ, ರೇಷನ್ ಕಾರ್ಡಿದೆ. ಇ-ಸ್ವತ್ತು, ಅಂದರೆ ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ, ಆಗಿಲ್ಲ. ಕಂದಾಯ ಭೂಮಿಯಲ್ಲಿ ಕಟ್ಟಿಕೊಂಡ ಮನೆಯಾಗಿದ್ದರೆ ಸಕ್ರಮ ಮಾಡಿಸಿಕೊಳ್ಳಲು ಭೂಕಂದಾಯ ಕಾಯ್ದೆಯ 94ಸಿ ಅಡಿ ಅರ್ಜಿ ಹಾಕಬಹುದಿತ್ತು. ಅರಣ್ಯವಾದ್ದರಿಂದ ಅದೂ ಇಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಸೊಸೈಟಿಯಲ್ಲಿ ಬೆಳೆ ಸಾಲ ಬೇಕೆಂದರೆ ಪಹಣಿ. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಲು ಪಹಣಿ. ಪಿಎಂ ಕಿಸಾನ್ ದುಡ್ಡು ಬರಬೇಕೆಂದರೆ ಪಹಣಿಯಲ್ಲಿ ಸ್ವಂತ ಹೆಸರು. ಮಳೆ ಜೋರಾಗಿ ಕೊಳೆ ರೋಗ ಬಂದು ಅಡಿಕೆ ಉದುರಿದರೆ ಪರಿಹಾರಕ್ಕೂ ಪಹಣಿ. ಕೊಳೆಗೆ ಬೋರ್ಡೋ ದ್ರಾವಣ ಹೊಡೆಯಬೇಕು, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗಾಲದಲ್ಲಿ ಎರಡು ಸಲ ಹೊಡೆಯಲೇಬೇಕು, ಬಿಸಿಲು ಸಿಗದಿದ್ದರೆ ಮೂರು. ಮರ ಹತ್ತುವ ಕೊನೆಗಾರ ಸಿಗುವುದೇ ಕಷ್ಟ, ಸಿಕ್ಕರೆ ಕೈಯಲ್ಲಿ ದುಡ್ಡಿರಬೇಕು. ಮೂರು ಎಕರೆ ತೋಟಕ್ಕೆ ಖರ್ಚು ಮಾಡುವ ಈ ಮನೆಗೆ ಸಾಲ ಸಿಗುವುದು ಹೆಚ್ಚೆಂದರೆ ಒಂದು ಎಕರೆಗೆ, ಅದೂ ಸತ್ತ ಅಜ್ಜನ ಖಾತೆಯನ್ನು ಸರಿ ಮಾಡಿಸಿಕೊಂಡರೆ. ಉಳಿದದ್ದಕ್ಕೆ ಕೈಸಾಲ ಮಾಡಬೇಕು, ಇಲ್ಲವೇ ಅಡಿಕೆ ವ್ಯಾಪಾರಿಯ ಹತ್ತಿರ ಮುಂಗಡ ತಗೋಬೇಕು. ಮುಂಗಡ ತಗೊಂಡವನಿಗೆ ಸುಗ್ಗಿಯಲ್ಲಿ ರೇಟು ಕೇಳುವ ಬಾಯಿ ಇರುವುದಿಲ್ಲ.

ಈಚೆಗೆ ಎಲೆಚುಕ್ಕೆ ರೋಗ ಬೇರೆ. ಸೋಗೆಯೆಲ್ಲ ಚುಕ್ಕೆ ಬಿದ್ದು ಒಣಗುತ್ತದೆ. ಘಟ್ಟದ ಅಂಚಿನ ಮಳೆ ಜಾಸ್ತಿಯಿರುವ ಊರುಗಳಲ್ಲೇ ಇದರ ಕಾಟ ಹೆಚ್ಚು. ಸರಕಾರ ಔಷಧಿಗೆ ಸಬ್ಸಿಡಿ ಕೊಡುತ್ತದೆ, ಕೊಡುವುದು ಪಹಣಿ ನೋಡಿ.

ಲಾಂಚು

ಸಾಗರದ ಕಡೆಯ ದಡ ಹೊಳೆಬಾಗಿಲು. ಅಲ್ಲಿಯ ಲಾಂಚು ನಡೆಸುತ್ತಿದ್ದುದು ಒಳನಾಡು ಜಲಸಾರಿಗೆ ಇಲಾಖೆ. ಅಗಲವಾದ ಕಬ್ಬಿಣದ ಹಾಸು, ಅದರ ಮೇಲೆ ಬಸ್ಸು, ಕಾರು, ಬೈಕು, ಜನ, ಕೋಳಿಬುಟ್ಟಿ, ಗೊಬ್ಬರದ ಚೀಲ. ಹೊರಗಿನವರಿಗೆ ಅದು ಖುಷಿಯ ಸವಾರಿ. ರೀಲ್ಸ್ ಮಾಡಿದವರು ಎಷ್ಟು ಜನವೋ. ಊರಿನವರಿಗೆ ಅದೊಂದು ಗಡಿಯಾರ. ಬೆಳಗಿನ ಮೊದಲ ಲಾಂಚು, ಸಂಜೆಯ ಕೊನೆಯ ಲಾಂಚು, ಇವೆರಡರ ನಡುವೆ ಪೇಟೆಯ ಕೆಲಸ ಮುಗಿಯಬೇಕು.

ಸಾಗರದ ಕಚೇರಿಯಲ್ಲಿ ‘ಊಟ ಮಾಡ್ಕೊಂಡು ಮೂರು ಗಂಟೆ ಮೇಲೆ ಬನ್ನಿ’ ಅಂದರೆ ಈ ಕಡೆಯವರ ಎದೆ ಧಸಕ್ ಅನ್ನುತ್ತಿತ್ತು. ಮೂರು ಗಂಟೆಗೆ ಸಾಹೇಬರು ಬಂದು, ನಾಲ್ಕಕ್ಕೆ ಸಹಿ ಆಗಿ, ಹೊಳೆಬಾಗಿಲಿಗೆ ಬಸ್ಸು ಹಿಡಿಯುವ ಹೊತ್ತಿಗೆ ಕೊನೆಯ ಲಾಂಚು ಹೋಗಿರುತ್ತದೆ. ಆಗ ಸಾಗರದಲ್ಲಿ ಯಾರಾದರೂ ನೆಂಟರ ಮನೆ ಹುಡುಕಬೇಕು. ಇಲ್ಲವಾದರೆ ಜೋಗ, ಕಾರ್ಗಲ್, ಕೋಗಾರು ಸುತ್ತಿ ಕಾಡಿನ ದಾರಿಯಲ್ಲಿ ಹೋಗಬೇಕು. ಬಾಡಿಗೆ ಗಾಡಿಯವರು ಆ ದಾರಿಗೆ ಅಂದರೆ ಮುಖ ನೋಡಿ ರೇಟು ಹೇಳುತ್ತಿದ್ದರು.

ಪೌತಿ ಖಾತೆಯ ಅರ್ಜಿ ಯಾಕೆ ಇಪ್ಪತ್ತು ವರ್ಷ ಹಾಗೇ ಬಿತ್ತು ಅಂತ ಈಗ ತಿಳಿಯಿತಲ್ಲ? ಜನರ ಸೋಮಾರಿತನ ಅಂತ ಕಚೇರಿಯವರು ಸುಲಭವಾಗಿ ಹೇಳಿಬಿಡುತ್ತಾರೆ. ಒಂದು ಸಹಿಗೆ ಒಂದು ದಿನದ ಕೂಲಿ, ಎರಡು ಕಡೆ ಬಸ್ಸಿನ ಚಾರ್ಜು, ಕೆಲವು ಸಲ ಒಂದು ರಾತ್ರಿ. ‘ಸರ್ವರ್ ಡೌನ್, ನಾಳೆ ಬನ್ನಿ’ ಅಂದರೆ ಅದೆಲ್ಲ ಇನ್ನೊಂದು ಸಲ. ದಾರಿ ಇಲ್ಲದ ಊರಿನಲ್ಲಿ ಜಾಗದ ಕಾಗದ ಕೆಡುವುದು ಹೀಗೆ, ಒಂದೊಂದೇ ಬಿಟ್ಟ ದಿನದಿಂದ.

ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚು ದಡ ಮುಟ್ಟುತ್ತಿರಲಿಲ್ಲ. 2023ರಲ್ಲಿ ಮುಂಗಾರು ತಡವಾದಾಗ ಜೂನ್ ತಿಂಗಳಲ್ಲಿ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದರು. ಇನ್ನು ರಜೆ, ಹುಣ್ಣಿಮೆ, ಸಿಗಂದೂರಿನ ಚೌಡಮ್ಮನ ಜಾತ್ರೆ ಬಂದರೆ ಹೊಳೆಬಾಗಿಲಿನಲ್ಲಿ ಕಾರುಗಳ ಸಾಲು. ದೇವಸ್ಥಾನಕ್ಕೆ ಬಂದವರ ಮೇಲೆ ಯಾರಿಗೂ ಸಿಟ್ಟಿಲ್ಲ, ಅವರಿಂದಲೇ ಅಂಗಡಿ, ಹೋಟೆಲ್ ನಡೆದದ್ದು. ಆದರೆ ಬಸುರಿಯನ್ನು ಕೂರಿಸಿಕೊಂಡ ಜೀಪು ಆ ಸಾಲಿನ ಹಿಂದೆ ನಿಂತಾಗ ಸಿಟ್ಟು ಬರದೆ ಇರುತ್ತದೆಯೇ.

ಕಾಯಿಲೆಯ ಲೆಕ್ಕ ಬೇರೆಯೇ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರ ಜೀವ ತೆಗೆಯಿತು. ಸತ್ತ ಮಂಗನ ಮೈಯಿಂದ ಉದುರಿದ ಉಣ್ಣೆ ಕಚ್ಚಿ ಬರುವ ಜ್ವರ ಇದು. ಸೊಪ್ಪು, ದರಗಿಗೆ ಕಾಡಿಗೆ ಹೋಗುವವರಿಗೇ ಮೊದಲು ತಗಲುವುದು. ಜ್ವರ ಏರಿ ರಕ್ತಸ್ರಾವ ಶುರುವಾದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. ರಾತ್ರಿ ಲಾಂಚು ಇರಲಿಲ್ಲ. ಈ ಕಡೆಯ ಎಷ್ಟೋ ಜನ ಸಾಗರದ ಆಸೆ ಬಿಟ್ಟು ನಾಗೋಡಿ, ಕೊಲ್ಲೂರು ಘಟ್ಟ ಇಳಿದು ಕುಂದಾಪುರದ ಕಡೆಗೇ ಹೋದದ್ದು ಇದಕ್ಕೇ. ಜಿಲ್ಲೆ ಶಿವಮೊಗ್ಗ, ಆಸ್ಪತ್ರೆ ಉಡುಪಿ ಜಿಲ್ಲೆ.

ಫೋನಿನ ಕತೆಯೂ ಇದೇ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವುದು ಕೊರೋನಾ ಕಾಲದಲ್ಲಿ ಮಕ್ಕಳ ದಿನಚರಿಯೇ ಆಗಿತ್ತು. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಅಂತ ಜನ ಬೋರ್ಡು ಬರೆದು ನಿಲ್ಲಿಸಿದರು. ಈಗ ಕೆಲವು ಕಡೆ ಪರವಾಗಿಲ್ಲ.

ಮೂರು ಇಸವಿಗಳ ಗಂಟು

ಎರಡನೆಯ ತುಂಡು ಜಾಗಕ್ಕೆ ಯಾಕೆ ಪಹಣಿ ಸಿಗುತ್ತಿಲ್ಲ ಅನ್ನುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಇದು ಗೊತ್ತಿಲ್ಲದೆ ‘ಸರಕಾರ ಮನಸ್ಸು ಮಾಡಿದ್ರೆ ನಾಳೆನೇ ಕೊಡಬಹುದು’ ಅನ್ನುವವರೇ ಜಾಸ್ತಿ. ಚುನಾವಣೆ ಬಂದಾಗ ರಾಜಕಾರಣಿಗಳೂ ಹಾಗೇ ಮಾತಾಡುತ್ತಾರೆ. ಹಾಗಿಲ್ಲ.

ಮುಳುಗಡೆ ಹೊತ್ತಿನಲ್ಲಿ ಮೈಸೂರು ಸರಕಾರ ಸಂತ್ರಸ್ತರಿಗಾಗಿ ಒಂದಷ್ಟು ಅರಣ್ಯ ಬಿಡಿಸಿ ಕೊಡಲು ಆದೇಶ ಮಾಡಿತು. ಜನರನ್ನು ಅಲ್ಲಿಗೆ ಕಳಿಸಿತು. ಆದರೆ ಆ ಜಾಗವನ್ನು ಅರಣ್ಯದ ಪಟ್ಟಿಯಿಂದ ತೆಗೆದು, ಅಳತೆ ಮಾಡಿ, ಕಂದಾಯಕ್ಕೆ ಸೇರಿಸಿ, ಒಬ್ಬೊಬ್ಬರ ಹೆಸರಿಗೆ ಪಹಣಿ ಕೊಡುವ ಕೊನೆಯ ಕೆಲಸ ಎಷ್ಟೋ ಕಡೆ ಆಗಲೇ ಇಲ್ಲ. ಆಗ ಅದು ಎರಡು ಸಹಿಯ ಕೆಲಸವಾಗಿತ್ತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಅರಣ್ಯದ ಒಂದು ಗುಂಟೆಯನ್ನು ಬೇರೆಯದಕ್ಕೆ ಬಿಡಿಸಬೇಕಾದರೂ ದಿಲ್ಲಿಯ ಅನುಮತಿ ಬೇಕು. 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಬಿಗಿ ಮಾಡಿತು. ಅರವತ್ತರ ದಶಕದಲ್ಲಿ ಯಾರೋ ಗುಮಾಸ್ತರು ಬಾಕಿ ಬಿಟ್ಟ ಕಡತ, ಎಂಬತ್ತರ ನಂತರ ದೇಶದ ಕಾನೂನಿನ ಪ್ರಶ್ನೆಯಾಯಿತು.

2015ರಿಂದ 2017ರ ನಡುವೆ ರಾಜ್ಯ ಸರಕಾರ ಶಿವಮೊಗ್ಗ ಜಿಲ್ಲೆಯ ಇಂಥ ಜಾಗಗಳನ್ನು ಅರಣ್ಯದಿಂದ ಕೈಬಿಟ್ಟು ಸಾಲು ಸಾಲು ಅಧಿಸೂಚನೆ ಹೊರಡಿಸಿತು. ಹಲವರ ಕೈಗೆ ಹಕ್ಕುಪತ್ರ ಬಂತು, ಹಬ್ಬ ಮಾಡಿದರು. ಕೇಂದ್ರದ ಅನುಮತಿ ತಗೊಂಡಿರಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು. 2021ರಲ್ಲಿ ಕೋರ್ಟು ಅವನ್ನು ರದ್ದು ಮಾಡಿತು. ಕಾನೂನಿನ ಪ್ರಕಾರ ಕೋರ್ಟು ಬೇರೆ ಹೇಳುವ ಹಾಗೂ ಇರಲಿಲ್ಲ. ದೂರಬೇಕಾದರೆ ಅನುಮತಿ ಇಲ್ಲದೆ ಕಾಗದ ಹಂಚಿದವರನ್ನು ದೂರಬೇಕು. ಜನ ಮಾತ್ರ ದೂರಿದ್ದು ಕೋರ್ಟನ್ನು, ಕಾಡು ಉಳಿಸಿ ಅಂದವರನ್ನು. ಅಲ್ಲಿಂದ ಈಚೆಗೆ ಎಲ್ಲ ಪಕ್ಷದವರೂ ದಿಲ್ಲಿ, ಸುಪ್ರೀಂ ಕೋರ್ಟು ಅನ್ನುತ್ತಿದ್ದಾರೆ. ಪಾದಯಾತ್ರೆಗಳಾದವು. ನಮ್ಮ ಮನೆಯ ಯಜಮಾನನೂ ಒಂದಕ್ಕೆ ಹೋಗಿದ್ದ ಅಂತಿಟ್ಟುಕೊಳ್ಳಿ, ಈ ಕಡೆಯಿಂದ ಹೋಗದ ಮನೆ ಕಡಿಮೆ.

ಹಾಗಾದರೆ ಅರಣ್ಯ ಹಕ್ಕು ಕಾಯ್ದೆ? 2006ರ ಆ ಕಾಯ್ದೆ ಬಂದಾಗ ಮಲೆನಾಡಿನಲ್ಲಿ ದೊಡ್ಡ ಆಸೆ ಹುಟ್ಟಿತು. ಅದರಲ್ಲಿ ದಿಲ್ಲಿಯ ಅನುಮತಿಯ ತಂಟೆಯಿಲ್ಲ. ಊರಿನ ಅರಣ್ಯ ಹಕ್ಕು ಸಮಿತಿ, ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ, ಅಷ್ಟೇ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಜಾಗ ಸಾಗುವಳಿಯಲ್ಲಿರಬೇಕು. ಪರಿಶಿಷ್ಟ ಪಂಗಡದವರಿಗೆ ಇಷ್ಟು ಸಾಕು. ಉಳಿದವರು ‘ಇತರೆ ಪಾರಂಪರಿಕ ಅರಣ್ಯವಾಸಿಗಳು’. ಅವರು ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. ಲೆಕ್ಕ ಹಾಕಿ. 1930.

ನಮ್ಮ ಅಜ್ಜ ಗುಡ್ಡ ಹತ್ತಿದ್ದು 1960ರ ದಶಕದಲ್ಲಿ. ಹತ್ತಿಸಿದ್ದು ಸರಕಾರ ಕಟ್ಟಿದ ಅಣೆಕಟ್ಟು. ಈಗ ಅರ್ಜಿ ನೋಡುವವರು ಕೇಳುತ್ತಾರೆ, ‘1930ರಿಂದ ಇಲ್ಲೇ ಇದ್ರಾ?’ ಇಲ್ಲ ಸ್ವಾಮಿ, ಕೆಳಗಿದ್ದೆವು. ‘ಕೆಳಗೆ ಅಂದ್ರೆ ಎಲ್ಲಿ, ತೋರಿಸಿ.’ ತೋರಿಸಲು ಅಲ್ಲಿ ನೀರಿದೆ.

ಅದೇ ಕಾಯ್ದೆಯಲ್ಲಿ ಅಭಿವೃದ್ಧಿ ಯೋಜನೆಯಿಂದ ಪರಿಹಾರವಿಲ್ಲದೆ ಜಾಗ ಕಳೆದುಕೊಂಡವರ ಬಗ್ಗೆಯೂ ಒಂದು ಕಲಮು ಇದೆ. ಓದಿದ ತಕ್ಷಣ ನಮ್ಮವರಿಗೇ ಬರೆದ ಹಾಗಿದೆ ಅನ್ನಿಸುತ್ತದೆ. ಪೂರ್ತಿ ಓದಿದರೆ ಗೊತ್ತಾಗುವುದು, ಸ್ವಾಧೀನ ಮಾಡಿಕೊಂಡ ಜಾಗವನ್ನು ಐದು ವರ್ಷದೊಳಗೆ ಉದ್ದೇಶಕ್ಕೆ ಬಳಸದೆ ಬಿಟ್ಟಿದ್ದರೆ ಮಾತ್ರ ಅದು ಲಾಗೂ. ಇಲ್ಲಿ ಬಳಸಿದ್ದಾರಲ್ಲ, ನೀರು ತುಂಬಿಸಿದ್ದಾರೆ.

ಇದರ ಮೇಲೆ ಅಭಯಾರಣ್ಯ. ಶರಾವತಿ ಕಣಿವೆಯನ್ನು 1972ರಲ್ಲೇ ವನ್ಯಜೀವಿಧಾಮ ಮಾಡಿದ್ದರು, ಸುಮಾರು 431 ಚದರ ಕಿಲೋಮೀಟರ್. 2019ರಲ್ಲಿ ಸಿಂಗಳೀಕದ ಹೆಸರಿನಲ್ಲಿ ಅದನ್ನು 930 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಸಿಂಗಳೀಕ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹಿನ್ನೀರಿನ ಸುತ್ತಲಿನ ಎಷ್ಟೋ ಊರು ಅಭಯಾರಣ್ಯದ ಒಳಗೆ ಇಲ್ಲವೇ ಅಂಚಿನಲ್ಲಿವೆ. ಗಡಿ ಎಳೆಯುವ ಮೊದಲು ಒಳಗಿರುವ ಮನೆಗಳ ಹಕ್ಕು ಇತ್ಯರ್ಥ ಮಾಡಬೇಕಿತ್ತು. ಅದೇ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ, ಮತ್ತೆ ಕೆಳಗೆ ಬಿಟ್ಟು ಕರೆಂಟು ತೆಗೆಯುವ) ಯೋಜನೆಗೆ ಕಾಡು ಕೇಳುತ್ತಾರೆ ಅನ್ನುವುದನ್ನು ಜನ ಗಮನಿಸದೆ ಇಲ್ಲ.

ಭೂಕಬಳಿಕೆ ತಡೆ ಕಾಯ್ದೆಯ ಬಿಸಿಯೂ ತಟ್ಟಿತು. ಅದರ ವಿಶೇಷ ನ್ಯಾಯಾಲಯ ಇದ್ದುದು ಬೆಂಗಳೂರಿನಲ್ಲಿ. ಬೆಂಗಳೂರಿನ ದೊಡ್ಡ ಕುಳಗಳಿಗಾಗಿ ಮಾಡಿದ ಕಾಯ್ದೆಯಲ್ಲಿ ಮಲೆನಾಡಿನ ಒಂದು ಎಕರೆ, ಎರಡು ಎಕರೆಯವರಿಗೂ ನೋಟಿಸು ಬಂತು. ಲಾಂಚು ದಾಟಿ, ಸಾಗರ ದಾಟಿ, ರಾತ್ರಿ ರೈಲು ಹಿಡಿದು ಹೋಗಿ ಕೋರ್ಟಿನ ಮುಂದೆ ನಿಲ್ಲಬೇಕಿತ್ತು.

ಸೇತುವೆ ಆದಮೇಲೆ

ಮೊದಲು ಒಳ್ಳೆಯದನ್ನು ಹೇಳಲೇಬೇಕು. ರಾತ್ರಿ ಹೊತ್ತು ಆಂಬುಲೆನ್ಸ್ ನೇರ ಸಾಗರಕ್ಕೆ ಹೋಗುತ್ತದೆ. ಕಚೇರಿಗೆ ಹೋದವರು ಸಂಜೆಯ ಗಡಿಬಿಡಿಯಿಲ್ಲದೆ ಕೆಲಸ ಮುಗಿಸಿಕೊಂಡು ಬರಬಹುದು. ಅಡಿಕೆ ಒಯ್ಯುವ ಗಾಡಿ ಲಾಂಚಿನ ಸಾಲಿನಲ್ಲಿ ನಿಲ್ಲಬೇಕಿಲ್ಲ. ಮಗಳು ಶನಿವಾರ ಸಂಜೆ ಹಾಸ್ಟೆಲಿನಿಂದ ಮನೆಗೆ ಬಂದು ಸೋಮವಾರ ಬೆಳಿಗ್ಗೆ ವಾಪಸ್ ಹೋಗುವುದು ಸಾಧ್ಯವಾಗಿದೆ. ಅಜ್ಜಿಗೆ ಮಾತ್ರ ಸೇತುವೆ ಮೇಲೆ ಹೋಗುವಾಗ ಕಿಟಕಿಯಿಂದ ಕೆಳಗೆ ನೋಡಲು ಹೆದರಿಕೆ.

ಇನ್ನು ಎರಡನೆಯದು. ಸೇತುವೆಯ ಮೊದಲ ಪರಿಣಾಮ ಕಾಣುವುದು ಜಾಗದ ರೇಟಿನಲ್ಲಿ. ಹಿನ್ನೀರು ಕಾಣುವ ಗುಡ್ಡ, ಸಿಗಂದೂರು ಹತ್ತಿರ, ಕೊಲ್ಲೂರಿಗೆ ದಾರಿ, ರಾಷ್ಟ್ರೀಯ ಹೆದ್ದಾರಿ ಪಕ್ಕ. ಹೋಂಸ್ಟೇ ಮಾಡುವವರಿಗೆ ಇನ್ನೇನು ಬೇಕು? 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದವು. ಅಂದರೆ ಕೃಷಿಕರಲ್ಲದವರೂ, ಕೃಷಿಯ ಹೊರಗಿನ ಆದಾಯ ಎಷ್ಟೇ ಇದ್ದವರೂ ಕೃಷಿ ಜಮೀನು ಕೊಳ್ಳಬಹುದು. ದುಡ್ಡಿರುವವರು ಕೇಳುವ ಮೊದಲ ಪ್ರಶ್ನೆ ಒಂದೇ, ‘ಪಹಣಿ ಕ್ಲಿಯರ್ ಇದ್ಯಾ?’

ಈ ದಡದಲ್ಲಿ ಪಹಣಿ ಕ್ಲಿಯರ್ ಇರುವವರು ಯಾರು? ಹಿಂದಿನಿಂದ ಹಿಡುವಳಿ ಇದ್ದವರು, ಓದಿದವರು, ಸಾಗರದಲ್ಲಿ ಒಂದು ಮನೆ ಮಾಡಿಕೊಂಡು ಕಚೇರಿ ಓಡಾಡಲು ಸಾಧ್ಯವಾದವರು. ಮುಳುಗಡೆಗೆ ಮುಂಚೆ ಗೇಣಿಗೆ ಗದ್ದೆ ಮಾಡುತ್ತಿದ್ದವರ ಹೆಸರು ಕಾಗದದಲ್ಲಿ ಬಂದದ್ದೇ ಕಡಿಮೆ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಒಡೆಯ ಅನ್ನುವ ಕಾನೂನು ರಾಜ್ಯದಲ್ಲಿ ಗಟ್ಟಿಯಾಗಿ ಬಂದದ್ದು 1974ರಲ್ಲಿ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಆ ಹತ್ತು ವರ್ಷ ಮೊದಲೇ ಕಾನೂನು ಬಂದಿದ್ದರೆ ಮುಳುಗಿದ ಎಷ್ಟೋ ಗದ್ದೆಗಳು ಉಳುವವನ ಹೆಸರಲ್ಲಿ ಮುಳುಗುತ್ತಿದ್ದವು, ಪರಿಹಾರ ಅವನಿಗೇ ಬರುತ್ತಿತ್ತು. ಕಾಗದ ಇಲ್ಲದವನು ಅವತ್ತೂ ಕೈ ಖಾಲಿ, ಇವತ್ತೂ ಕೈ ಖಾಲಿ. ಅಂಥವರ ಮೊಮ್ಮಗ ಇವತ್ತು ಹೆದ್ದಾರಿ ಪಕ್ಕದ ಹೋಂಸ್ಟೇಯಲ್ಲಿ ಕಾರು ಒರೆಸುವ ಕೆಲಸಕ್ಕೆ ಸೇರಬಹುದು, ಹೋಂಸ್ಟೇ ಇಡಲು ಸಾಲ ಸಿಗುವುದಿಲ್ಲ. ಸೇತುವೆ ಬೇಡವಿತ್ತು ಅಂತ ನಾನು ಹೇಳುತ್ತಿಲ್ಲ. ಹೆದ್ದಾರಿಗೆ ದಿಲ್ಲಿಯ ಅರಣ್ಯ, ವನ್ಯಜೀವಿ ಅನುಮತಿಗಳು ಸಿಗುತ್ತವೆ, ದುಡ್ಡು ಸಿಗುತ್ತದೆ. ಅದೇ ದಿಲ್ಲಿಯಿಂದ ಮುಳುಗಡೆಯವರ ಕಡತಕ್ಕೆ ಅರವತ್ತು ವರ್ಷದಲ್ಲಿ ಅನುಮತಿ ತರಿಸಲಾಗಲಿಲ್ಲ ಅಂದರೆ ಅದನ್ನು ಕಾನೂನಿನ ತೊಡಕು ಅಂತ ಮಾತ್ರ ಕರೆಯಲು ನನಗೆ ಮನಸ್ಸಿಲ್ಲ.

ಇದೇ ಹಿನ್ನೀರಿನ ಇನ್ನೊಂದು ಲಾಂಚಿನ ದಾರಿಯಾದ ಹಸಿರುಮಕ್ಕಿ ಕಡೆಯೂ ಸೇತುವೆ ಕೆಲಸ ಶುರುವಾಗಿ ವರ್ಷಗಳಾದವು. ಅಲ್ಲೂ ಇದೇ ಕತೆ ಮರುಕಳಿಸುವ ಮೊದಲು ಪೌತಿ ಖಾತೆ, ಪೋಡಿ (ಜಮೀನು ಅಳೆದು ಪಾಲುಗಳನ್ನು ಬೇರೆ ಮಾಡುವುದು) ಕೆಲಸಗಳನ್ನಾದರೂ ಊರಲ್ಲೇ ಕೂತು ಮುಗಿಸಿಕೊಡಬಹುದಲ್ವಾ?

ಈ ಮನೆ ಈಗ ಏನು ಮಾಡಬಹುದು

ಮೂರು ತುಂಡಿನ ಬಗ್ಗೆಯೂ ಒಂದೇ ಮಾತು ಹೇಳಲು ಬರುವುದಿಲ್ಲ.

ಒಂದು ಎಕರೆ ತೋಟದ ಪೌತಿ ಖಾತೆ ಯಾವ ಕೋರ್ಟನ್ನೂ ಕಾಯಬೇಕಾಗಿಲ್ಲ. ಅದು ಮನೆಯವರ ಕೈಯಲ್ಲೇ ಇದೆ. ಅಜ್ಜಿ ಇರುವಾಗಲೇ ಮಾಡಿಸುವುದು ಒಳ್ಳೆಯದು, ಯಾಕೆಂದರೆ ವಂಶವೃಕ್ಷದಲ್ಲಿ ಯಾರು ಯಾರು ಅಂತ ಖಚಿತವಾಗಿ ಹೇಳಬಲ್ಲವಳು ಅವಳೊಬ್ಬಳೇ. ಅತ್ತೆಯಂದಿರ ಪಾಲಿನ ಮಾತನ್ನೂ ಆಗಲೇ ಮುಗಿಸಿಕೊಳ್ಳಬೇಕು. ‘ಹೆಣ್ಣುಮಕ್ಕಳು ಬಿಟ್ಟುಕೊಡ್ತಾರೆ ಬಿಡಿ’ ಅಂತ ಕೂತ ಮನೆಗಳು ರೇಟು ಏರಿದ ಮೇಲೆ ಕೋರ್ಟು ಹತ್ತುತ್ತವೆ.

ಗುಡ್ಡದ ಎರಡು ಎಕರೆಗೆ ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾಗಿದ್ದರೆ ಅದನ್ನು ಅಲ್ಲಿಗೇ ಬಿಡಬಾರದು. 75 ವರ್ಷದ ಷರತ್ತು ವಾಸಕ್ಕೆ ಸಂಬಂಧಿಸಿದ್ದು, ಅದೇ ತುಂಡನ್ನು 75 ವರ್ಷ ಉಳುತ್ತಿರಬೇಕು ಅಂತಲ್ಲ. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಇದನ್ನು ಸ್ಪಷ್ಟ ಮಾಡಿದೆ. ಹಾಗಾಗಿ ಮುಳುಗಿದ ಊರಿನ ದಾಖಲೆಗೆ ಬೆಲೆ ಇದೆ. ಕೆಳಗಿನ ಊರು ಇದೇ ಕಣಿವೆಯದ್ದು, ಮನೆತನ 1930ಕ್ಕೆ ಮೊದಲಿಂದ ಇಲ್ಲೇ ಇತ್ತು ಅಂತ ತೋರಿಸುವ ಕಾಗದ ಹುಡುಕಬೇಕು. ಮುಳುಗಡೆ ಭೂಸ್ವಾಧೀನದ ಅವಾರ್ಡ್ (ಪರಿಹಾರದ ಆದೇಶ) ಕಾಪಿ, ಅದರಲ್ಲಿ ಅಜ್ಜನ ಹೆಸರಿಲ್ಲದಿದ್ದರೆ ಹಳೆಯ ಶಾಲೆಯ ದಾಖಲಾತಿ ಪುಸ್ತಕ, ಐವತ್ತರ ದಶಕದ ಮತದಾರರ ಪಟ್ಟಿ, ಗೇಣಿ ಚೀಟಿ, ದೇವಸ್ಥಾನದ ಲೆಕ್ಕಪುಸ್ತಕ. ಊರಿನ ಹಿರಿಯರ ಹೇಳಿಕೆಯನ್ನು ಬರೆಸಿಕೊಳ್ಳುವುದಕ್ಕೂ ನಿಯಮದಲ್ಲಿ ಅವಕಾಶವಿದೆ. ಎರಡು ಬಗೆಯ ಸಾಕ್ಷ್ಯ ಬೇಕು, ಹಿರಿಯರ ಹೇಳಿಕೆ ಒಂದಾದರೆ ಇನ್ನೊಂದು ಕಾಗದ. ಮುಳುಗಡೆ ಕಂಡ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಅದಕ್ಕೇ ಇದರಲ್ಲಿ ಆತುರ ಬೇಕು. ಹಕ್ಕು ಸಿಕ್ಕಿದರೂ ಅದನ್ನು ಮಾರುವ ಹಾಗಿಲ್ಲ, ಮಕ್ಕಳಿಗೆ ಹೋಗುತ್ತದೆ ಅಷ್ಟೇ. ಈಗಿನ ಪರಿಸ್ಥಿತಿಯಲ್ಲಿ ಅದು ಒಳ್ಳೆಯದೇ ಅನ್ನಬೇಕು.

ಮನೆಯ ಜಾಗಕ್ಕೂ ಅದೇ ಅರ್ಜಿಯಲ್ಲಿ ಕೇಳಬಹುದು, ಸಾಗುವಳಿ ಮತ್ತು ವಾಸ ಎರಡನ್ನೂ ಕಾಯ್ದೆ ಒಪ್ಪುತ್ತದೆ. ಕಂದಾಯ ರಸೀದಿ, ಕರೆಂಟು ಬಿಲ್ಲು, ಎಷ್ಟು ಹಳೆಯದಿದ್ದರೂ ಒಂದು ಕಡೆ ಇಡಬೇಕು.

ಈಚೆಗೆ ಇನ್ನೊಂದು ಅಪಾಯ ಇದೆ. ಸ್ಟ್ಯಾಂಪ್ ಪೇಪರಿನ ಮೇಲೆ ಕರಾರು ಬರೆಸಿಕೊಂಡು ‘ಸಾಗುವಳಿ ಹಕ್ಕು’ ಕೊಳ್ಳಲು ಬರುವ ಬ್ರೋಕರುಗಳು. ನೋಂದಣಿ ಇಲ್ಲ, ಆಗುವುದೂ ಇಲ್ಲ. ಕೊಂಡವನಿಗೆ ಕಾನೂನಿನಲ್ಲಿ ಏನೂ ಸಿಗುವುದಿಲ್ಲ, ಆದರೆ ಅವನು ಬೇಲಿ ಹಾಕಿಕೊಂಡು ಕೂರುತ್ತಾನೆ. ಕೊಟ್ಟವನ ಸಾಗುವಳಿ ಅಲ್ಲಿಗೆ ಮುಗಿಯಿತು. ನಾಳೆ ಗ್ರಾಮಸಭೆಯಲ್ಲಿ ‘ಜಾಗ ಯಾರು ಮಾಡ್ತಾ ಇದಾರೆ?’ ಅಂತ ಕೇಳಿದರೆ ಹೇಳಲು ಮಾತಿರುವುದಿಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಇಂಥ ಫೋನು ಮೊದಲು ಬರುತ್ತದೆ, ಅಪ್ಪನಿಗಲ್ಲ. ಅವನಿಗೆ ಬೆಂಗಳೂರಿನಲ್ಲಿ ಸೈಟಿನ ಕಂತು ಕಟ್ಟಬೇಕಾಗಿದೆ. ಆದ್ದರಿಂದ ಈ ವಿಷಯವನ್ನು ಮನೆಯಲ್ಲಿ ಎಲ್ಲರೂ ಕೂತು ಮಾತಾಡಬೇಕಾದದ್ದು ಬ್ರೋಕರ್ ಅಂಗಳಕ್ಕೆ ಬಂದ ಮೇಲೆ ಅಲ್ಲ, ದೀಪಾವಳಿಗೆ ಮಗ ಊರಿಗೆ ಬಂದಾಗಲೇ.